ಧಾರ್ಮಿಕ ಕಾರಣ

ಜಲಜಾ, ನನ್ನ ಅನುಷಾ ಬಿದ್ದದ್ದು ನಿನ್ನ ಮಗಳಿಂದಲ್ಲ. ನನ್ನಿಂದ. ಎಂಟು ವರ್ಷದಿಂದ ಇದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ದೀಕ್ಷಾಳಿಗಂತೂ — ಆ ಹುಡುಗಿ ತನ್ನ ಗೆಳತಿಯ ಕೈ ಮುರಿದವಳು ತಾನೇ ಎಂದು ನಂಬಿಕೊಂಡೇ ಬೆಳೆದಳು. ನಾನು ನಂಬಲು ಬಿಟ್ಟೆ.

'ನಂಬಲು ಬಿಟ್ಟೆ' ಎಂದು ಬರೆದೆನಲ್ಲ, ಅದರಲ್ಲೂ ಸ್ವಲ್ಪ ಕಳ್ಳತನವಿದೆ. ಬಿಟ್ಟದ್ದಲ್ಲ, ನಂಬಿಸಿದ್ದು. ನನ್ನ ಬಾಯಿಂದಲೇ, ಆಸ್ಪತ್ರೆಯಲ್ಲಿ, ನಿನ್ನ ಎದುರಿಗೇ. ಆ ಮಾತಿಗೆ ಬರುತ್ತೇನೆ. ಮೊದಲಿನಿಂದ ಹೇಳದೆ ಹೋದರೆ ಮಧ್ಯದಲ್ಲಿ ಎಲ್ಲಾದರೂ ತಪ್ಪಿಸಿಕೊಳ್ಳುತ್ತೇನೆ ಎಂಬ ಭಯ ನನಗೆ ನನ್ನ ಮೇಲೇ ಇದೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡ.

ಆಗ ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಜನಕ್ಕೆಲ್ಲ ನಾನು 'ಟೀಚರಕ್ಕ'. ಟೀಚರೂ ಅಲ್ಲ ಏನೂ ಅಲ್ಲ — ನಮ್ಮ ಮಕ್ಕಳು ಓದುತ್ತಿದ್ದ ಶಾಲೆಯಲ್ಲೇ ಟೀಚಿಂಗ್ ಅಸಿಸ್ಟೆಂಟ್. ಕ್ಲಾಸಿನ ಹಿಂದೆ ಕೂತು, ಲೆಕ್ಕ ಬಾರದ ಮಕ್ಕಳಿಗೆ ಇನ್ನೊಮ್ಮೆ ಹೇಳಿಕೊಡುವುದು, ಊಟದ ಹೊತ್ತಿಗೆ ಸಾಲು ನಿಲ್ಲಿಸುವುದು. ಆದರೆ ಹಾಳೂರಿಗೆ ಉಳಿದವನೇ ಗೌಡ ಅಲ್ಲವೇ? ಕೌನ್ಸಿಲ್ಲಿನ ಕಾಗದ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟು, ಶಾಲೆಯ ಆ್ಯಪು, ಎಲ್ಲವೂ ನನ್ನ ಅಡುಗೆಮನೆಯ ಮೇಜಿಗೆ ಬರುತ್ತಿದ್ದವು. ನೀನಂತೂ ಫೋನನ್ನೇ ನನ್ನ ಕೈಗೆ ಕೊಟ್ಟುಬಿಡುತ್ತಿದ್ದೆ. ಕುಂದಾಪುರದಿಂದ ಬಂದು ಗಂಡನ ಜೊತೆ ಹೋಟೆಲಿನ ಅಡುಗೆಮನೆ ಸೇರಿದವಳು ನೀನು. ಹಿಟ್ಟು ರುಬ್ಬಿ, ದೋಸೆ ಹೊಯ್ದು ಮನೆಗೆ ಬರುವಷ್ಟರಲ್ಲಿ ಇಂಗ್ಲಿಷು ಕಲಿಯಲು ಎಲ್ಲಿ ಪುರುಸೊತ್ತು? ಕಲಿಯುತ್ತೇನೆ ಎಂದು ನೀನು ಹೇಳಿದಾಗಲೆಲ್ಲ ನಾನು 'ನಾನಿಲ್ಯಾ' ಎನ್ನುತ್ತಿದ್ದೆ. ನನಗೆ ಅದರಲ್ಲಿ ಸುಖವಿತ್ತು. ಈಗ ಹೇಳಬಹುದು.

ನನಗೆ ಗರ್ಭಕೋಶದ ಆಪರೇಷನ್ ಆದಾಗ ನಲವತ್ತು ದಿನ ಗಂಜಿ, ಮೆಣಸಿನ ಸಾರು ಮಾಡಿ ತಂದವಳು ನೀನು. ಕೆಲಸಕ್ಕೆ ಹೋಗುವ ಮೊದಲು ತಂದಿಟ್ಟು, ಬಾಗಿಲಲ್ಲೇ 'ಬಿಸಿ ಇಪ್ಪಾಗ್ಳೇ ಉಣ್ಣಿ ಅಕ್ಕ' ಎಂದು ಓಡುತ್ತಿದ್ದೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಬಗೆದೆ.

ಚಿಯರ್‌ಲೀಡಿಂಗ್ ತಂಡ ಸೇರುತ್ತೇವೆ ಎಂದು ಮಕ್ಕಳು ಹೇಳಿದಾಗ ನಾವಿಬ್ಬರೂ ಮೊದಲು ನಕ್ಕಿದ್ದು ನಿನಗೆ ನೆನಪಿರಬಹುದು. ಬಣ್ಣದ ಕುಚ್ಚು ಹಿಡಿದು ಕುಣಿಯುವುದು ಎಂದುಕೊಂಡಿದ್ದೆವು. ಶಾಲೆಯ ದೊಡ್ಡ ಹಾಲ್‌ನಲ್ಲಿ ಮೊದಲ ಸಲ ನೋಡಿದಾಗ ನಗು ನಿಂತುಹೋಯಿತು. ಮೂವರು ಹುಡುಗಿಯರು ಕೆಳಗೆ, ಒಬ್ಬಳು ಮೇಲೆ. ಇಬ್ಬರು ಅವಳ ಪಾದ ಹೊತ್ತು ನಿಲ್ಲುತ್ತಾರೆ. ಮೂರನೆಯವಳು ಬೆನ್ನ ಹಿಂದೆ ನಿಂತು, ಬಿದ್ದರೆ ತಲೆ ಭುಜ ಹಿಡಿಯಬೇಕು. ಮೇಲೆ ಹೋಗುವವಳಿಗೆ ಫ್ಲೈಯರ್ ಎನ್ನುತ್ತಾರೆ. ನಿನ್ನ ದೀಕ್ಷಾ ಫ್ಲೈಯರ್. ಹದಿಮೂರು ವರ್ಷ, ಹಗುರ ಮೈ, ಹೆದರಿಕೆ ಎಂಬುದೇ ಇಲ್ಲ. ಮೇಲೆ ಹೋದೊಡನೆ ಇಡೀ ಹಾಲ್ ನೋಡುವಂತೆ ನಗುತ್ತಿದ್ದಳು. ಅವಳ ಒಂದು ಕಾಲು ನನ್ನ ಅನುಷಾಳ ಕೈಯಲ್ಲಿ. ಇಳಿಯುವಾಗ, ಹತ್ತುವಾಗ ಅದೇ ಕಾಲು ಅನುಷಾಳ ಭುಜದ ಮೇಲೆ — ಶೂ ಸಮೇತ.

ನಮ್ಮ ಮನೆಗಳಲ್ಲಿ ಗೊತ್ತಲ್ಲ, ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ನಾನು ಆ ಶೂವನ್ನೇ ನೋಡುತ್ತಿದ್ದೆ. ಅದು ಆಟ ಎಂದು ತಲೆಗೆ ಗೊತ್ತು. ಹೊಟ್ಟೆಗೆ ಗೊತ್ತಾಗಲಿಲ್ಲ. ವಸಂತದ ಪ್ರದರ್ಶನ ಮುಗಿದ ಮೇಲೆ, ಮೈಸೂರಿನ ಆ ಡಾಕ್ಟರ ಹೆಂಡತಿ ನನ್ನ ಹತ್ತಿರ ಬಂದು, 'ಗಿರಿಜಾ ಅವ್ರೇ, ಜಲಜಾ ಮಗಳು ಎಷ್ಟು ಚೆನ್ನಾಗ್ ನಿಂತಿದ್ಲು! ಕೆಳಗಿದ್ದಿದ್ದು ನಿಮ್ ಮಗಳಾ? ನಾನ್ ಗಮನಿಸ್ಲೇ ಇಲ್ಲ ನೋಡಿ' ಎಂದರು. ಕೆಟ್ಟ ಮನಸ್ಸಿನಿಂದಲ್ಲ. ನಾನೂ ನಕ್ಕೆ. ಮನೆಗೆ ಬಂದು ಅನುಷಾಳ ಅಂಗಿಯ ಭುಜದ ಮೇಲಿನ ಕರಿ ಕಲೆ ಉಜ್ಜುತ್ತ ಅತ್ತೆ. ಯಾರ ಮಗಳು ಯಾರ ಮಗಳ ಕಾಲಡಿ ನಿಲ್ಲಬೇಕು ಎಂಬ ಲೆಕ್ಕ ನನ್ನೊಳಗೆ ಇತ್ತು, ಜಲಜಾ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವಳ ಮಗಳು ಎಂಬ ಮಾತು ನನ್ನ ತಲೆಯಲ್ಲಿ ಬಂದುಹೋಯಿತು. ನಿನ್ನ ಗಂಜಿ ಉಂಡ ಬಾಯಿ — ಆದರೂ ಬಂದಿತು.

ಬೇಸಿಗೆ ರಜೆಯ ಕೊನೆಯ ವಾರ ತಂಡಕ್ಕೆ ಕ್ಯಾಂಪ್ ಎಂದು ಶಾಲೆಯವರು ಹೇಳಿದರು. ಲಂಡನ್ನಿನ ಹೊರಗೆ ಐದು ದಿನ ಅಲ್ಲೇ ಉಳಿದು ಕಲಿಯುವುದು. ತಾಯಿತಂದೆಯರ ಮೀಟಿಂಗಿಗೆ ನಿನಗೆ ಬರಲಾಗಲಿಲ್ಲ, ಹೋಟೆಲಿನಲ್ಲಿ ಕೆಲಸವಿತ್ತು. 'ನೀವ್ ಕೇಂಡ್ಕಂಡ್ ಬನ್ನಿ ಅಕ್ಕ' ಎಂದಿದ್ದೆ. ಕೇಳಿಕೊಂಡು ಬಂದೆ. ಒಂದು ಮಾತೂ ಬಿಡದೆ ಕೇಳಿಕೊಂಡೆ.

ಯಾರೋ ಒಬ್ಬ ತಂದೆ ಎದ್ದು, ಇಷ್ಟೆಲ್ಲ ಮಾಡುವಷ್ಟು ಆ ಕ್ಯಾಂಪಿನಲ್ಲಿ ಏನಿದೆ, ಶಾಲೆಯಲ್ಲೇ ಕಲಿಸಬಾರದೇ ಎಂದು ಕೇಳಿದ. ಕೋಚ್ ಮಿಸ್ ಕ್ಲೇರ್ ಹೇಳಿದಳು: ಐದರಲ್ಲಿ ನಾಲ್ಕು ದಿನ ಯಾರೂ ಮೇಲೆ ಹತ್ತುವುದಿಲ್ಲ. ಹಿಡಿಯುವುದನ್ನಷ್ಟೇ ಕಲಿಸುತ್ತೇವೆ. ಮೇಲಿನಿಂದ ಒಂದು ಮೈ ಬೀಳುವಾಗ ಮನುಷ್ಯರಿಗೆ ಹಿಂದೆ ಸರಿಯುವುದು ಸಹಜ. ಮುಂದೆ ಹೆಜ್ಜೆ ಇಡುವುದನ್ನು ಮೈಗೆ ಕಲಿಸಬೇಕು, ನೂರಾರು ಸಲ. ವಾರಕ್ಕೆ ಎರಡು ಗಂಟೆಯ ಅಭ್ಯಾಸದಲ್ಲಿ ಅದು ಬರುವುದಿಲ್ಲ. ಮೇಲೆ ಹೋಗುವವರೂ ಕಲಿಯಬೇಕು, ಯಾಕೆಂದರೆ ಈ ವರ್ಷ ಎಲ್ಲರ ಜಾಗ ಬದಲಿಸುತ್ತೇನೆ.

ಎಲ್ಲರ ಜಾಗ ಬದಲಿಸುತ್ತೇನೆ. ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ.

ಮರುದಿನ ನೀನು ಬಂದೆ. ಮೇಜಿನ ಮೇಲೆ ಫೋನಿಟ್ಟು, 'ಅಕ್ಕ, ಈ ಕ್ಯಾಂಪಿಗೆ ಹೆಣ್ಣನ್ ಕಳ್ಸ್ಕಾ? ಅದ್ರಿಂದ ಎಂತಾರೂ ಉಪಯೋಗ ಇತ್ತಾ? ನೀವ್ ಹೇಳ್ದಂಗ್ ಮಾಡ್ತೆ' ಎಂದೆ.

ನಾನು ಚಾ ಸೋಸುತ್ತಿದ್ದೆ. ತಿರುಗಲಿಲ್ಲ. 'ಎಂತ ಉಪಯೋಗ ಇಲ್ಲೆ ಮಾರಾಯ್ತಿ. ಕುಣುದ್, ನೆಗಾಡುದ್, ವಾಪಸ್ ಬಪ್ಪುದ್. ದೀಕ್ಷಾಳಿಗ್ ಎಲ್ಲ ಬತ್ತ್ ಅಲ್ದಾ, ಅವ್ಳಿಗೆಂತಕ್ಕೆ?' ಎಂದೆ.

'ಅನುಷಾ?'

'ಅವ್ಳಿಗ್ ಏನೂ ಬತ್ತಿಲ್ಲೆ, ಅದ್ಕೇ ಕಳ್ಸುದ್.'

ನೀನು ನಕ್ಕು, 'ಹಾಂಗ್ ಹೇಳ್ಬೇಡಿ ಪಾಪ' ಎಂದೆ. ಅನುಷಾಳ ಪರವಾಗಿ ನನಗೇ ಬುದ್ಧಿ ಹೇಳಿದೆ. ಆಮೇಲೆ ಆ್ಯಪ್ ತೆರೆದು ನಾನು 'ಬರುವುದಿಲ್ಲ' ಎಂದು ಒತ್ತಿದೆ. ಕಾರಣ ಏನು ಎಂದು ಅದು ಕೇಳಿತು, ಒಂದು ಪಟ್ಟಿ. ಕಾಯಿಲೆ, ಪ್ರಯಾಣ, ಮನೆಯ ತೊಂದರೆ... ಕಾಯಿಲೆ ಎಂದರೆ ಚೀಟಿ ಕೇಳುತ್ತಾರೆ. ಮನೆಯ ತೊಂದರೆ ಎಂದರೆ ಸಹಾಯಕ್ಕೆ ಫೋನ್ ಮಾಡುತ್ತಾರೆ. ಆ ಶಾಲೆಯಲ್ಲಿ ಆರು ವರ್ಷ ಕೆಲಸ ಮಾಡಿದವಳಿಗೆ ಯಾವುದನ್ನು ಒತ್ತಿದರೆ ಈ ದೇಶದಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. 'ಧಾರ್ಮಿಕ ಕಾರಣ' ಎಂಬುದರ ಮೇಲೆ ಬೆರಳಿಟ್ಟೆ.

'ಎಂತ ಬರ್ದ್ರಿ ಅಕ್ಕ?' ಎಂದು ನೀನು ಕೇಳಿದೆ.

'ಊರಿಂದ ನೆಂಟ್ರ್ ಬತ್ರ್ ಅಂತ' ಎಂದೆ ನಾನು.

ಒಂದು ಸುಳ್ಳು ನಿನಗೆ, ಒಂದು ಶಾಲೆಗೆ, ಹೊತ್ತುಕೊಂಡದ್ದು ದೇವರು. ಇಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಾಲ್ಕು ದಿನದ ನಂತರ ಮಿಸ್ ಕ್ಲೇರ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದಳು: ಅವರ ನಂಬಿಕೆಯ ಬಗ್ಗೆ ನನಗೆ ಗೌರವವಿದೆ, ಮನೆಯವರಿಗೆ ಬೇಸರವಾಗಬಾರದು, ಆದರೆ ದೀಕ್ಷಾ ಹಿಂದೆ ಬೀಳಬಾರದಲ್ಲ — ಕ್ಯಾಂಪ್ ಮುಗಿದ ಮೇಲೆ ಶನಿವಾರಗಳಂದು ಅವಳೊಬ್ಬಳಿಗೇ ಬೇರೆ ಅಭ್ಯಾಸ ಮಾಡಿಸುತ್ತೇನೆ, ಒಪ್ಪುತ್ತಾರಾ ಕೇಳಿ ಹೇಳುತ್ತೀರಾ? ಪಾಪದ ಹೆಂಗಸು, ತನ್ನ ಶನಿವಾರ ಬಿಟ್ಟುಕೊಡಲು ನಿಂತಿದ್ದಳು.

ನಾನು ನಿನ್ನನ್ನು ಕೇಳಲಿಲ್ಲ. ಅಲ್ಲೇ, ನಿಂತ ಕಾಲಲ್ಲೇ, 'ಶನಿವಾರ ಕಷ್ಟ, ಅವರ ಮನೆಯಲ್ಲಿ ದೇವಸ್ಥಾನದ ದಿನ' ಎಂದೆ. ಅವಳು ಕ್ಷಮೆ ಕೇಳಿದಳು! ಕೇಳಬಾರದ್ದನ್ನು ಕೇಳಿದೆನೇನೋ ಎಂದು ನನ್ನ ಕ್ಷಮೆ ಕೇಳಿದಳು. ಆ ಹೊತ್ತಿಗೆ ನೀನು ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಿರಬೇಕು.

ಅನುಷಾ ಕ್ಯಾಂಪಿನಿಂದ ಮೊಣಕೈ ತುಂಬ ನೀಲಿ ಗಾಯ ಮಾಡಿಕೊಂಡು, ಕುಣಿದಾಡುತ್ತ ಬಂದಳು. 'ನಾಲ್ಕು ದಿನ ಬರೀ ಕ್ಯಾಚಿಂಗ್ ಅಮ್ಮ, ಇಟ್ ವಾಸ್ ಸೋ ಬೋರಿಂಗ್!' ಎಂದಳು. ಐದನೇ ದಿನ ಅವಳನ್ನು ಮೇಲೆ ಹತ್ತಿಸಿದ್ದರು. ಸೆಪ್ಟೆಂಬರಿನಲ್ಲಿ ಅವಳೇ ಫ್ಲೈಯರ್. ನಾನು ಪಾಯಸ ಮಾಡಿ ನಿಮ್ಮ ಮನೆಗೂ ಕಳಿಸಿದೆ. ನೀವೆಲ್ಲ ಉಂಡಿರಿ.

ದೀಕ್ಷಾಳನ್ನು ಏನು ಮಾಡುವುದೆಂದು ಮಿಸ್ ಕ್ಲೇರ್‌ಗೆ ತಿಳಿಯಲಿಲ್ಲ. ವಾರಗಟ್ಟಲೆ ಅವಳು ಗೋಡೆಗೊರಗಿ ಕೂತು ನೋಡುತ್ತಿದ್ದಳು. ಯಾಕೆ ತನ್ನನ್ನು ಕೆಳಗಿಳಿಸಿದರು ಎಂದು ಅವಳಿಗೂ ಅರ್ಥವಾಗಿರಲಿಕ್ಕಿಲ್ಲ. ನನ್ನನ್ನು ಕಂಡರೆ ಎಂದಿನಂತೆ 'ಹಾಯ್ ಆಂಟಿ' ಎಂದು ಕೈ ಬೀಸುತ್ತಿದ್ದಳು. ನವೆಂಬರಿನ ಒಂದು ಗುರುವಾರ ಹಿಂದೆ ನಿಲ್ಲುವ ಹುಡುಗಿ ಜ್ವರ ಎಂದು ಬರಲಿಲ್ಲ. ಇವತ್ತೊಂದು ದಿನ ದೀಕ್ಷಾ ನಿಲ್ಲಲಿ ಎಂದು ಕೇಳಿದವಳು ಅನುಷಾಳೇ. 'ಐ ಟ್ರಸ್ಟ್ ಹರ್' ಎಂದಳು. ಕೋಚ್ ಒಪ್ಪಬಾರದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು, ಅವಳು ಆ ಶಾಲೆ ಬಿಟ್ಟೇ ಹೋದಳು. ಆ ಮಾತಿನ ಹಿಂದೆ ನಾನು ಬಹಳ ದಿನ ಅಡಗಿ ಕೂತಿದ್ದೆ. ಶನಿವಾರಗಳನ್ನು ಅವಳು ಕೊಡಲು ಬಂದಿದ್ದಳು, ಬೇಡವೆಂದವಳು ನಾನು.

ಆ ಗುರುವಾರ ಕೆಲಸ ಮುಗಿಸಿ ಮಗಳನ್ನು ಕರೆದೊಯ್ಯಲು ಹಾಲ್‌ನ ಬಾಗಿಲಲ್ಲಿ ನಿಂತಿದ್ದೆ. ಅನುಷಾ ಮೇಲೆ ಹೋದಳು. ನನ್ನ ಕಡೆ ನೋಡಿ ನಕ್ಕಳು. ಮೊಣಕಾಲು ನಡುಗಿತು, ಹಿಂದಕ್ಕೆ ವಾಲಿದಳು — ದೀಕ್ಷಾ ಒಂದು ಹೆಜ್ಜೆ ಹಿಂದೆ ಸರಿದಳು. ಒಂದೇ ಹೆಜ್ಜೆ. ಕಲಿಸದಿದ್ದರೆ ಯಾರಾದರೂ ಮಾಡುವುದು ಅದನ್ನೇ. ನಾನೇ ಮೀಟಿಂಗಿನಲ್ಲಿ ಕೇಳಿಕೊಂಡು ಬಂದಿದ್ದೆನಲ್ಲ. ಮಗಳು ನೆಲಕ್ಕೆ ಬಡಿದ ಸದ್ದು ಕೇಳುವ ಮೊದಲೇ ನನಗೆ ಎಲ್ಲ ತಿಳಿದುಹೋಗಿತ್ತು, ಯಾಕೆ ಎಂದು, ಯಾರಿಂದ ಎಂದು.

ಎಡ ಮೊಣಕೈ ಚೂರಾಗಿತ್ತು. ಎರಡು ಆಪರೇಷನ್. ಮೊದಲನೆಯದು ಆದ ಮರುದಿನ ನೀನು ದೀಕ್ಷಾಳನ್ನು ಕರೆದುಕೊಂಡು ವಾರ್ಡಿಗೆ ಬಂದೆ. ಹುಡುಗಿ ಮುಖ ಊದಿಕೊಂಡು ಬಾಗಿಲ ಹತ್ತಿರವೇ ನಿಂತಿತ್ತು. ನೀನು ನನ್ನೆದುರು ಕೈ ಮುಗಿದೆ. 'ನಮ್ ಹೆಣ್ಣಿಂದ ಹೀಂಗಾಯ್ತ್ ಅಕ್ಕ. ಎಂತ ಹೇಳುಕೂ ಮೊಕ ಇಲ್ಲೆ' ಎಂದೆ. ನಾನು ನಿನ್ನ ಕೈ ಹಿಡಿದು ಕೆಳಗಿಳಿಸಬೇಕಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಇರಲಿಲ್ಲ. ಬಾಯಿ ತೆರೆದೆ. ಬಂದ ಮಾತು ಇದು, ದೀಕ್ಷಾಳ ಮುಖ ನೋಡಿ —

'ಆದ್ದ್ ಆಯ್ತ್ ಮಗಾ. ಇನ್ನಾರೂ ಸಮಾ ಹಿಡುಕೆ ಕಲಿ.'

ನೀವಿಬ್ಬರೂ ಅದನ್ನು ದೊಡ್ಡತನ ಎಂದುಕೊಂಡಿರಿ. ಟೀಚರಕ್ಕ ಒಂದು ಮಾತೂ ಬಯ್ಯಲಿಲ್ಲ ಎಂದು ನೀನು ಊರಿಗೆಲ್ಲ ಹೇಳಿದೆಯಂತೆ. ಕಲಿಯಲು ಹೊರಟಿದ್ದ ಮಗುವನ್ನು ತಡೆದು ನಿಲ್ಲಿಸಿದವಳು, ಅದೇ ಮಗುವಿಗೆ ಕಲಿ ಎಂದೆ. ಇದಕ್ಕಿಂತ ನೀಚ ಮಾತು ನಾನು ಬದುಕಿನಲ್ಲಿ ಆಡಿಲ್ಲ.

ಅನುಷಾಳ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ, ಕಿರುಬೆರಳಿಗೆ ಸ್ಪರ್ಶವಿಲ್ಲ. ಆದರೂ ಕ್ರೋಯ್ಡನ್ನಿನ ಫ್ಲಾಟಿನಲ್ಲಿ ಅವಳು ನಗುತ್ತ ಇದ್ದಾಳೆ. ಆ ಕೈಯನ್ನೇ ತಮಾಷೆ ಮಾಡುತ್ತಾಳೆ. ಹಾಳಾದವಳು ದೀಕ್ಷಾ. ತಂಡ ಬಿಟ್ಟಳು. ಮಾತು ಕಡಿಮೆ ಮಾಡಿದಳು. ನರ್ಸಿಂಗ್ ಸೀಟಿಗೆ ನಾನೇ ಅರ್ಜಿ ತುಂಬಿಸಿದ್ದೆ — ಅದರಿಂದ ನನ್ನ ಪಾಪ ಸ್ವಲ್ಪ ಇಳಿಯುತ್ತದೆ ಎಂದು. ರೋಗಿಗಳನ್ನು ಎತ್ತಿ ಕೂರಿಸುವುದನ್ನು ಅಭ್ಯಾಸ ಮಾಡಿಸುವ ದಿನ ಬಂದಿತು, ಅವಳು ಕೋರ್ಸೇ ಬಿಟ್ಟು ಮನೆಗೆ ಬಂದಳು. 'ಓದು ಕಷ್ಟ ಆಯ್ತ್ ಕಾಣ್ತ್' ಎಂದು ನೀನು ನನ್ನಲ್ಲಿ ಹೇಳಿ ಅತ್ತೆ. ಕಷ್ಟವಾದದ್ದು ಓದಲ್ಲ ಎಂದು ನನಗೆ ಗೊತ್ತಿತ್ತು. ಈಗ ಸ್ಟ್ರಾಟ್‌ಫರ್ಡಿನ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾಳೆ.

ಈ ವರ್ಷ ನಿನ್ನ ತಮ್ಮನ ಮಗುವಿನ ನಾಮಕರಣದಲ್ಲಿ ಮಗು ಮಡಿಲಿಂದ ಮಡಿಲಿಗೆ ಹೋಗುತ್ತಿತ್ತು. ದೀಕ್ಷಾಳ ಸರದಿ ಬಂದಾಗ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, 'ನೋ ನೋ, ಐ ಡ್ರಾಪ್ ಥಿಂಗ್ಸ್' ಎಂದು ನಕ್ಕಳು. ಎಲ್ಲರೂ ನಕ್ಕರು. ನೀನೂ. ನಾನು ಊಟದೆಲೆ ಬಿಟ್ಟು ಎದ್ದು ಹೊರಗೆ ಬಂದೆ, ಕಾರ್ ಪಾರ್ಕಿನಲ್ಲಿ ನಿಂತೆ. ಇಪ್ಪತ್ತೊಂದು ವರ್ಷದ ಹುಡುಗಿ. ಮುಂದೆ ಅವಳದೇ ಮಗುವಾದರೆ — ಆ ಯೋಚನೆಯನ್ನು ನಾನು ಮುಗಿಸಲಾರೆ.

ಆಗಲೂ ಬಾಯಿ ಬಿಡಲಿಲ್ಲ, ನೋಡು. ಬಿಟ್ಟದ್ದು ಹೋದ ಭಾನುವಾರದ ನಂತರ.

ನಿನ್ನ ಚಿಕ್ಕವಳು ಶ್ರಾವ್ಯಾ ಅದೇ ಶಾಲೆಯ ಅದೇ ತಂಡ ಸೇರಿದ್ದಾಳೆ, ಅವರಿಗೂ ಆಗಸ್ಟಿನಲ್ಲಿ ಕ್ಯಾಂಪಿದೆ ಎಂದು ನೀನು ಬಂದು ಹೇಳಿದೆ. ದೀಕ್ಷಾ ಬೇಡವೇ ಬೇಡ ಎಂದು ಊಟ ಬಿಟ್ಟು ಕೂತಿದ್ದಾಳೆ ಎಂದೆ. 'ನೀವೇ ಹೇಳಿ ಅಕ್ಕ. ಕಳ್ಸುದಾ, ಬ್ಯಾಡ್ದಾ?' ಎಂದೆ. ಈಗ ನಿನಗೆ ಆ್ಯಪ್ ತೆರೆಯಲು ಬರುತ್ತದೆ, ಓದಲೂ ಬರುತ್ತದೆ. ಆದರೂ ನನ್ನನ್ನು ಕೇಳಲು, ನಾನೀಗ ಇರುವ ಈ ದೂರದ ಮನೆಗೆ ಎರಡು ಬಸ್ಸು ಹಿಡಿದು ಬಂದಿದ್ದೆ.

ಜಲಜಾ, ನನ್ನ ಬಾಯಿಗೆ 'ಬ್ಯಾಡ' ಎಂದೇ ಬಂದಿತ್ತು. ಕೇಳು, ಇದನ್ನೂ ಕೇಳಿಬಿಡು. ಶ್ರಾವ್ಯಾ ಹೋದರೆ, ನಾಲ್ಕು ದಿನ ಹಿಡಿಯುವುದನ್ನು ಕಲಿತು ಬಂದು ಅಕ್ಕನಿಗೆ ಹೇಳುತ್ತಾಳೆ. ಹದಿಮೂರರಲ್ಲಿ ಕೇಳದಿದ್ದ ಅಕ್ಕ, ಆ ಕ್ಯಾಂಪಿಗೆ ತಾನ್ಯಾಕೆ ಹೋಗಲಿಲ್ಲ ಎಂದು ಈಗ ಕೇಳುತ್ತಾಳೆ. ಅಷ್ಟೇ ನನ್ನ ಯೋಚನೆ. ಇನ್ನೊಂದು ಮಗು ಕಲಿಯದೆ ಹೋಗಲಿ, ಇನ್ಯಾರದೋ ಮಗಳು ಅವಳ ಮುಂದೆ ಬೀಳಲಿ, ನನ್ನ ಮಾನ ಉಳಿದರೆ ಸಾಕು — ಎಂಟು ವರ್ಷ ಬೆಂದ ಮೇಲೂ ನಾನು ಇಷ್ಟೇ. 'ಯೋಚ್ನೆ ಮಾಡಿ ಹೇಳ್ತೆ' ಎಂದು ನಿನ್ನನ್ನು ಕಳಿಸಿದೆ. ನೀನು ಬಸ್ ಸ್ಟಾಪಿನಿಂದ ತಿರುಗಿ ಕೈ ಬೀಸಿದೆ.

ಮರುದಿನ ಅನುಷಾಳ ಫ್ಲಾಟಿಗೆ ಹೋಗಿ ಎಲ್ಲ ಹೇಳಿದೆ. ಅವಳ ಕೈ, ಅವಳಿಗೆ ಮೊದಲು ಹೇಳಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬಯ್ಯುತ್ತಾಳೆ, ಅಳುತ್ತಾಳೆ, ಕೊನೆಗೆ ಮಗಳಲ್ಲವೇ, ಏನಾದರೂ ಸಮಾಧಾನ ಹೇಳುತ್ತಾಳೆ ಎಂದು ಆಸೆಯಿತ್ತು. ಅವಳು ಎಡಗೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, 'ವೈ ಆರ್ ಯು ಟೆಲ್ಲಿಂಗ್ ಮೀ, ಅಮ್ಮ?' ಎಂದಳು. ಅಷ್ಟೇ. ಎದ್ದು ನನ್ನ ಕೋಟು ತಂದು ಕೊಟ್ಟಳು. ಆಮೇಲೆ ಅವಳು ಫೋನ್ ಎತ್ತಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಶ್ರಾವ್ಯಾಳನ್ನು ಕಳಿಸು. ಆ ಐದು ದಿನದಷ್ಟು ಬೆಲೆಬಾಳುವುದು ಆ ಆಟದಲ್ಲಿ ಬೇರೇನೂ ಇಲ್ಲ. ಉಪಯೋಗ ಇದೆಯಾ ಎಂದು ಯಾರಾದರೂ ಕೇಳಿದರೆ ನಿನ್ನ ದೊಡ್ಡ ಮಗಳನ್ನು ತೋರಿಸಬಹುದು, ನನ್ನ ಮಗಳನ್ನೂ.

ಈ ಕಾಗದವನ್ನು ದೀಕ್ಷಾ ಓದಲಾರಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನೀನು ಓದಿ ಹೇಳಬೇಡ, ಆ ಕೆಲಸ ನಿನ್ನದಲ್ಲ. ಬರುವ ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ಬಾಗಿಲು ತೆಗೆದರೆ, ಎಂದಿನಂತೆ ಬೆಲ್ಲ ನೀರು ತರಬೇಡ; ಅವಳನ್ನು ಎದುರಿಗೆ ಕೂರಿಸು ಸಾಕು. ಅವಳ ಭಾಷೆಯಲ್ಲೇ, ಆ ಆ್ಯಪಿನಲ್ಲಿ ಒತ್ತಿದ್ದನ್ನೂ ಕಾರಿಡಾರಿನಲ್ಲಿ ಹೇಳಿದ್ದನ್ನೂ ಆಸ್ಪತ್ರೆಯಲ್ಲಿ ಆಡಿದ್ದನ್ನೂ ಹೇಳುತ್ತೇನೆ. 'ನೀನು ಹಿಂದೆ ಸರಿದದ್ದು ತಪ್ಪಲ್ಲ, ದೀಕ್ಷಾ' ಎನ್ನುತ್ತೇನೆ. ಅವಳು ನಂಬುತ್ತಾಳೋ ಇಲ್ಲವೋ — ಎಂಟು ವರ್ಷ ಒಂದನ್ನು ನಂಬಿದ ಮೇಲೆ ಇನ್ನೊಂದು ಅಷ್ಟು ಬೇಗ ಮೈಗೆ ಹತ್ತಲಾರದು, ನರ್ಸಿಂಗಿನ ಆ ವರ್ಷವೂ ತಿರುಗಿ ಬಾರದು.

ಕ್ಷಮಿಸು ಎಂದು ಮಾತ್ರ ಅವಳಲ್ಲಿ ಕೇಳುವುದಿಲ್ಲ. ಕೇಳಿದರೆ ಅವಳು 'ಇಟ್ಸ್ ಓಕೆ ಆಂಟಿ' ಎಂದುಬಿಡುತ್ತಾಳೆ, ಆ ಹುಡುಗಿಯನ್ನು ನಾನು ಬಲ್ಲೆ. ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಅವಳಿಗೇ ಹೊರಿಸಿ ನಾನು ಮನೆಗೆ ಬರಲಾರೆ.